ಯಲಹಂಕದ ಗ್ಯಾಸ್ ಸ್ಥಾವರ, ಯೂರಿಯಾ ಚೀಲ ಮತ್ತು ನಮ್ಮ ಪಂಪ್‌ಸೆಟ್ಟು

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮವು ನಿರ್ಮಿಸಿರುವ 370 ಮೆಗಾವ್ಯಾಟ್ ಸಾಮರ್ಥ್ಯದ ನೈಸರ್ಗಿಕ ಅನಿಲದ ವಿದ್ಯುತ್ ಸ್ಥಾವರವನ್ನು 2024ರ ಸೆಪ್ಟೆಂಬರ್ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ರೈತ ಸಭೆಗಳಲ್ಲಿ ಬೀಜ, ಗೊಬ್ಬರದ ಮಾತು ಮುಗಿಯುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತದೆ: "ಗ್ಯಾಸಿನ ಸ್ಥಾವರ ಬಂತಂತಲ್ಲ ಸಾರ್, ಇನ್ನಾದರೂ ಹಗಲು ಹೊತ್ತಿನಲ್ಲೇ ಏಳು ಗಂಟೆ ತ್ರೀಫೇಸ್ ಕೊಡ್ತಾರಾ?"

ನೇರವಾಗಿ ಹೇಳುವುದಾದರೆ, ಈ ಸ್ಥಾವರದಿಂದ ಅದು ಆಗುವ ಕೆಲಸವಲ್ಲ. ಹಗಲಿನ ಪಂಪ್‌ಸೆಟ್ಟಿಗೆ ಕರೆಂಟು ಕೊಡುವುದಕ್ಕೆಂದು ಇದನ್ನು ಕಟ್ಟಿದ್ದೂ ಅಲ್ಲ. ಹಾಗಾದರೆ ಇದು ಯಾವುದಕ್ಕೆ? ಸಾವಿರಾರು ಕೋಟಿ ಸುರಿದು ಕಟ್ಟಿದ್ದನ್ನು ವರ್ಷವಿಡೀ ಏಕೆ ಓಡಿಸುವುದಿಲ್ಲ? ಅದಕ್ಕೂ ನಮ್ಮ ಹೊಲಕ್ಕೆ ಬೀಳುವ ಯೂರಿಯಾಕ್ಕೂ ಏನು ನಂಟು? ಪ್ರಶ್ನೆ ಕೇಳುವ ರೈತರಿಗೆ ಲೆಕ್ಕ ಸಮೇತ ಉತ್ತರ ಸಿಗಬೇಕು.

ಎಷ್ಟು ಚಿಕ್ಕದು?

ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಬಳ್ಳಾರಿಯದು 1,700. ವಿಜಯಪುರ ಜಿಲ್ಲೆಯ ಕೂಡಗಿಯದು 2,400. ಇವುಗಳ ಮುಂದೆ ಯಲಹಂಕದ 370 ಚಿಕ್ಕದೇ. 2024ರ ಮೇ 30ರಂದು ಇಡೀ ದೇಶದ ವಿದ್ಯುತ್ ಬೇಡಿಕೆ ಸುಮಾರು 2,50,000 ಮೆಗಾವ್ಯಾಟ್ ಮುಟ್ಟಿತ್ತು. ಅದರಲ್ಲಿ ಯಲಹಂಕದ ಪಾಲನ್ನು ಲೆಕ್ಕ ಹಾಕಿದರೆ ಆರುನೂರ ಎಪ್ಪತ್ತರಲ್ಲಿ ಒಂದು ಭಾಗವೂ ಬರುವುದಿಲ್ಲ.

ಪಂಪ್‌ಸೆಟ್ಟಿನ ಲೆಕ್ಕದಲ್ಲಿ ನೋಡೋಣ. ಐದು ಅಶ್ವಶಕ್ತಿಯ ಒಂದು ಮೋಟಾರು ಓಡುವಾಗ ಸುಮಾರು ನಾಲ್ಕೂವರೆ ಕಿಲೋವ್ಯಾಟ್ ಎಳೆಯುತ್ತದೆ, ಎಂದರೆ ಗಂಟೆಗೆ ನಾಲ್ಕೂವರೆ ಯೂನಿಟ್. ತಂತಿಯಲ್ಲಿ ಸೋರುವುದನ್ನು ಕಳೆದರೆ ಯಲಹಂಕದ ಸ್ಥಾವರ ಪೂರ್ತಿ ಓಡಿದಾಗ ಏಕಕಾಲಕ್ಕೆ ನಡೆಸಬಹುದಾದ ಇಂಥ ಪಂಪುಗಳು ಸುಮಾರು 70 ಸಾವಿರ. ರಾಜ್ಯದಲ್ಲಿರುವ ನೀರಾವರಿ ಪಂಪ್‌ಸೆಟ್ಟುಗಳು 30 ಲಕ್ಷಕ್ಕೂ ಹೆಚ್ಚು! ಅವೆಲ್ಲ ಒಮ್ಮೆಗೇ ಓಡಿದರೆ 13 ಸಾವಿರ ಮೆಗಾವ್ಯಾಟ್ ದಾಟುತ್ತದೆ. 2024ರ ಬೇಸಿಗೆಯಲ್ಲಿ ಊರು, ಪಟ್ಟಣ, ಕಾರ್ಖಾನೆ ಎಲ್ಲ ಸೇರಿ ರಾಜ್ಯದ ಅತಿ ಹೆಚ್ಚಿನ ಬೇಡಿಕೆ 17 ಸಾವಿರದ ಆಸುಪಾಸಿನಲ್ಲಿತ್ತು ಎಂಬುದನ್ನು ಗಮನಿಸಿದರೆ, ಪಂಪ್‌ಸೆಟ್ಟುಗಳಿಗೆ ಫೀಡರ್ ಪ್ರಕಾರ ಸರದಿಯ ಮೇಲೆ ಕರೆಂಟು ಬಿಡುವುದೇಕೆಂದು ತಿಳಿಯುತ್ತದೆ.

ಕೋಡೊಲೆಯ ಲೆಕ್ಕಾಚಾರ

ಗ್ಯಾಸ್ ಎಂದೊಡನೆ ಅಡುಗೆ ಮನೆಯ ಸಿಲಿಂಡರು ನೆನಪಾಗುವುದು ಸಹಜ. ಇದು ಆ ಗ್ಯಾಸಲ್ಲ. ಸಿಲಿಂಡರಿನದು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಇದರ ಮುಖ್ಯ ಅಂಶ ಮೀಥೇನ್. ನಮ್ಮ ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದೂ ಅದೇ ಮೀಥೇನ್. ಒಂದು ಭೂಗರ್ಭದಿಂದ ಬರುತ್ತದೆ, ಇನ್ನೊಂದು ಕೊಟ್ಟಿಗೆಯಿಂದ. ಉರಿಯುವ ವಸ್ತು ಒಂದೇ.

ಸ್ಥಾವರದೊಳಗೆ ನಡೆಯುವುದಿಷ್ಟು. ಹೊರಗಿನ ಗಾಳಿಯನ್ನು ಒತ್ತಿ, ಅದರಲ್ಲಿ ಗ್ಯಾಸ್ ಉರಿಸಿ, ಆ ಉರಿಗಾಳಿಯ ರಭಸದಿಂದ ಒಂದು ಚಕ್ರವನ್ನು ತಿರುಗಿಸುತ್ತಾರೆ. ವಿಮಾನದ ಎಂಜಿನ್ನಿನ ಕೆಲಸವೂ ಹೀಗೆಯೇ. ಚಕ್ರ ತಿರುಗಿಸಿ ಹೊರಬೀಳುವ ಹೊಗೆ ಆಗಲೂ ಸುಮಾರು 600 ಡಿಗ್ರಿ ಬಿಸಿಯಾಗಿರುತ್ತದೆ. ಅದನ್ನು ಆಕಾಶಕ್ಕೆ ಬಿಟ್ಟರೆ ಸೌದೆ ದಂಡ. ಆದ್ದರಿಂದ ಅದರಿಂದ ನೀರು ಕಾಯಿಸಿ, ಹಬೆ ಮಾಡಿ, ಎರಡನೆಯ ಚಕ್ರವನ್ನು ತಿರುಗಿಸುತ್ತಾರೆ. ನಮ್ಮ ಹಳೆಯ ಮನೆಗಳ ಕೋಡೊಲೆಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ದೊಡ್ಡ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟರೆ, ಮಿಕ್ಕ ಉರಿ ಪಕ್ಕದ ಕೋಡೊಲೆಗೆ ಹಾಯ್ದು ಸಾರು ಬೇಯಿಸುತ್ತದೆ. ಸೌದೆ ಒಂದೇ, ಅಡುಗೆ ಎರಡು. ಯಲಹಂಕದಲ್ಲಿ ಮೊದಲ ಚಕ್ರದಿಂದ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಕರೆಂಟು, ಕೋಡೊಲೆಯ ಚಕ್ರದಿಂದ ಮೂರರಲ್ಲಿ ಒಂದು ಪಾಲು ದೊರೆಯುತ್ತದೆ.

ಹೀಗಾಗಿ ಗ್ಯಾಸಿನ ಶಾಖದಲ್ಲಿ ಅರ್ಧದಷ್ಟು ವಿದ್ಯುತ್ತಾಗುತ್ತದೆ. ಕಲ್ಲಿದ್ದಲಿನ ಹಳೆಯ ಕೇಂದ್ರಗಳಲ್ಲಿ ಇದು ಮೂರನೇ ಒಂದು ಭಾಗದ ಸುತ್ತಮುತ್ತ ನಿಲ್ಲುತ್ತದೆ. ಹಾರುಬೂದಿ ಇಲ್ಲ, ಬೂದಿ ಹೊಂಡಕ್ಕೆ ಜಮೀನು ಬೇಕಿಲ್ಲ, ನೀರೂ ಕಡಿಮೆ ಸಾಕು. ಇದೇ ಜಾಗದಲ್ಲಿ 1990ರ ದಶಕದಿಂದ ಡೀಸೆಲ್ ವಿದ್ಯುತ್ ಕೇಂದ್ರವಿತ್ತು. ಅದರ ಜಾಗಕ್ಕೆ ಗ್ಯಾಸ್ ಬಂದದ್ದು ಸುತ್ತಲಿನವರಿಗೆ ಒಳ್ಳೆಯದೇ. ಕಾಮಗಾರಿ ಮಾತ್ರ ಹಲವು ವರ್ಷ ಎಳೆಯಿತು. 2020ರ ಅಕ್ಟೋಬರ್‌ನಲ್ಲಿ ಬೆಂಕಿ ಅನಾಹುತವಾಗಿ ಅಲ್ಲಿನ ನೌಕರರು ಗಾಯಗೊಂಡಿದ್ದರು.

ಸೂರ್ಯ ಮುಳುಗಿದ ಮೇಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಹತ್ತು ಹದಿನೈದು ವರ್ಷಗಳ ಹಿಂದೆ ನಮ್ಮ ರಾಜ್ಯದ ಕೊರತೆ ಇಡೀ ದಿನದ ಕೊರತೆಯಾಗಿತ್ತು. ಈಗ ಅದರ ಸ್ವರೂಪ ಬದಲಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಎದ್ದಿದೆ. ರಾಜ್ಯದ ಒಟ್ಟು ಸೌರ ಸಾಮರ್ಥ್ಯ 2025ರ ಹೊತ್ತಿಗೆ 9 ಸಾವಿರ ಮೆಗಾವ್ಯಾಟ್ ದಾಟಿತು. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೇರಳ. ಆದರೆ ಸಂಜೆ ಆರೂವರೆಗೆ ದನ ಮನೆಗೆ ಬರುವ ಹೊತ್ತಿಗೆ ಈ ಸಾವಿರಾರು ಮೆಗಾವ್ಯಾಟ್ ಸೂರ್ಯನ ಜೊತೆಗೇ ಹೊರಟು ಹೋಗುತ್ತದೆ. ಅದೇ ಹೊತ್ತಿಗೆ ಊರಿನಲ್ಲಿ ದೀಪ, ಟಿ.ವಿ., ಮಿಕ್ಸಿ, ನಗರದಲ್ಲಿ ಏ.ಸಿ., ಅಂಗಡಿ ಬೀದಿಯ ಬೆಳಕು ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಒಂದು ಕಡೆ ಇಳಿತ, ಇನ್ನೊಂದು ಕಡೆ ಏರಿಕೆ. ಒಂದೆರಡು ಗಂಟೆಯೊಳಗೆ ಈ ಕಂದಕ ತುಂಬಬೇಕು.

ಕಲ್ಲಿದ್ದಲು ಕೇಂದ್ರಕ್ಕೆ ಅಷ್ಟು ಚುರುಕಿಲ್ಲ. ತಣ್ಣಗಾದ ಬಾಯ್ಲರನ್ನು ಹೊತ್ತಿಸಿ ಪೂರ್ಣ ಹದಕ್ಕೆ ತರಲು ಅರ್ಧ ದಿನ ಬೇಕು. ಸಂಜೆಗೆಂದು ಅದನ್ನು ಆರಿಸದೆ ಹಗಲೆಲ್ಲ ಓಡಿಸುತ್ತಲೇ ಇರಬೇಕು. ಪೂರ್ಣ ಸಾಮರ್ಥ್ಯದ ಶೇಕಡಾ 55ಕ್ಕಿಂತ ಕೆಳಗಿಳಿಸುವುದೂ ಸುಲಭವಲ್ಲ. ಉಳುಮೆಗೆ ಎಂಟಕ್ಕೆ ಬೇಕಾದ ಎತ್ತುಗಳನ್ನು ಬೆಳಗಿನ ಜಾವ ಮೂರಕ್ಕೇ ನೊಗಕ್ಕೆ ಕಟ್ಟಿ ನಿಲ್ಲಿಸಿದ ಹಾಗೆ. ಗ್ಯಾಸಿನ ಚಕ್ರ ಒಂದನ್ನೇ ಓಡಿಸುವುದಾದರೆ ಅರ್ಧ ಗಂಟೆಯೊಳಗೆ ಕರೆಂಟು ಬರುತ್ತದೆ. ಕೋಡೊಲೆಯ ಚಕ್ರವೂ ಸೇರಿ, ಹಿಂದಿನ ದಿನದ ಬಿಸಿ ಉಳಿದಿದ್ದರೆ, ಒಂದೆರಡು ಗಂಟೆ ಸಾಕು. ಪೂರ್ತಿ ತಣ್ಣಗಾಗಿದ್ದರೆ ಇನ್ನೂ ಕೆಲವು ಗಂಟೆ ಹಿಡಿಯುತ್ತದೆ.

ಇದಕ್ಕಿಂತ ಚುರುಕಾದದ್ದು ಜಲವಿದ್ಯುತ್. ಶರಾವತಿಯ 1,035 ಮೆಗಾವ್ಯಾಟ್ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ದಶಕಗಳಿಂದ ನಮ್ಮ ಸಂಜೆಗಳನ್ನು ಕಾಯ್ದದ್ದು ಲಿಂಗನಮಕ್ಕಿಯ ನೀರು. ಆದರೆ ಮಳೆ ಕೈಕೊಟ್ಟ ವರ್ಷ? 2023ರ ಮುಂಗಾರು ಸೋತು ಜಲಾಶಯಗಳು ತುಂಬಲಿಲ್ಲ. ಮಳೆ ಬಾರದ್ದರಿಂದ ಕೊಳವೆ ಬಾವಿ ಪಂಪುಗಳು ಮೊದಲೇ ಓಡತೊಡಗಿ ಬೇಡಿಕೆಯೂ ಏರಿತು. ಆ ಅಕ್ಟೋಬರ್‌ನಲ್ಲಿ ಏಳು ಗಂಟೆಯ ಬದಲು ಐದು ಗಂಟೆ ತ್ರೀಫೇಸ್ ಎಂದಾಗ ರೈತರು ಸಬ್‌ಸ್ಟೇಷನ್‌ಗಳ ಮುಂದೆ ಕುಳಿತದ್ದನ್ನು ಯಾರೂ ಮರೆತಿಲ್ಲ. ಕಾಳು ಕಟ್ಟುವ ಹಂತದ ಮೆಕ್ಕೆಜೋಳಕ್ಕೆ ಎರಡು ಗಂಟೆಯ ನೀರು ಕಡಿಮೆಯಾದರೆ ಏನಾಗುತ್ತದೆಂದು ಬೆಳೆದವನಿಗೇ ಗೊತ್ತು. ಬರದ ವರ್ಷದ ಸಂಜೆಗೆ ನೀರನ್ನು ನಂಬದ ಒಂದು ಚುರುಕಾದ ಸ್ಥಾವರ ಕೈಯಲ್ಲಿರಬೇಕು. ಯಲಹಂಕದ ಬೆಲೆ ಇರುವುದು ಅಲ್ಲಿ.

ಇನ್ನೊಂದು ಅನುಕೂಲವೂ ಉಂಟು. ರಾಯಚೂರು, ಬಳ್ಳಾರಿಗಳಿಂದ ಬೆಂಗಳೂರಿಗೆ ಕರೆಂಟು ನೂರಾರು ಕಿಲೋಮೀಟರ್ ತಂತಿಯ ಮೇಲೆ ಬರಬೇಕು. ದೂರ ಹೆಚ್ಚಿದಷ್ಟೂ ವೋಲ್ಟೇಜು ಕುಗ್ಗುತ್ತದೆ. ಬಳಸುವ ಊರಿನ ಪಕ್ಕದಲ್ಲೇ ಉತ್ಪಾದಿಸಿದರೆ ಆ ಭಾಗದ ವೋಲ್ಟೇಜು ಗಟ್ಟಿಯಾಗಿ ನಿಲ್ಲುತ್ತದೆ. ಕಾಲುವೆಯ ತುದಿಯ ಹೊಲದವನಿಗೆ ಅಲ್ಲೇ ಒಂದು ಬಾವಿ ಸಿಕ್ಕಂತೆ.

ನಮ್ಮ ಹೊಲದಡಿಯ ಕೊಳವೆ

ಯಲಹಂಕಕ್ಕೆ ಗ್ಯಾಸ್ ಬರುವುದು ಎಲ್ಲಿಂದ? ಮಹಾರಾಷ್ಟ್ರದ ಕರಾವಳಿಯ ದಾಭೋಳದಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಕಿರುವ ಪೈಪ್‌ಲೈನಿನಿಂದ. 2013ರಲ್ಲಿ ಇದು ಕೆಲಸಕ್ಕೆ ಬಂತು. ಉದ್ದ ಸುಮಾರು ಸಾವಿರ ಕಿಲೋಮೀಟರ್. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳ ಕೆಳಗೇ ಹಾಯ್ದು ಬಂದಿದೆ. ಈ ಲೇಖನ ಓದುತ್ತಿರುವ ಕೆಲವರ ಬದುವಿನ ಮೇಲೆ ಗುರುತಿನ ಕಂಬ ನಿಂತಿರಲೂಬಹುದು.

ಅಂಥವರಿಗೆ ಒಂದು ಮಾತು. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಸರ್ಕಾರ ಪಡೆದಿರುವುದು ಬಳಕೆಯ ಹಕ್ಕನ್ನು ಮಾತ್ರ, ಜಮೀನಿನ ಒಡೆತನ ರೈತನದೇ. ರಾಗಿ, ಜೋಳ, ಶೇಂಗಾ, ತರಕಾರಿ ಏನು ಬೇಕಾದರೂ ಬೆಳೆಯಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೃಷಿ ಹೊಂಡ ತೆಗೆಯುವಂತಿಲ್ಲ, ಮರ ನೆಡುವಂತಿಲ್ಲ. ಬಳಕೆ ಹಕ್ಕಿಗೆ ಕಾಯ್ದೆ ನಿಗದಿ ಮಾಡಿದ ಪರಿಹಾರ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10. ಬೆಳೆ, ಮರಗಳ ನಷ್ಟಕ್ಕೆ ಪ್ರತ್ಯೇಕ. ಶೇಕಡಾ 10 ಎಂಬುದು ಬಹಳ ಹಳೆಯ ಲೆಕ್ಕ. ತೆಂಗು, ಅಡಿಕೆ ಹಾಕಬೇಕೆಂದಿದ್ದವನಿಗೆ ಆ ಪಟ್ಟಿ ಇನ್ನೆಂದಿಗೂ ತೋಟವಾಗುವುದಿಲ್ಲವಾದ್ದರಿಂದ, ಈ ದರ ನ್ಯಾಯವೆಂದು ನನಗೆ ಅನಿಸುವುದಿಲ್ಲ. ಅದೇನೇ ಇರಲಿ, ಜೆ.ಸಿ.ಬಿ. ತರಿಸುವ ಮುನ್ನ ಕಂಬದ ಮೇಲೆ ಬರೆದಿರುವ ಸಂಖ್ಯೆಗೆ ಫೋನ್ ಮಾಡಿ ಕೇಳುವುದು ಕ್ಷೇಮ. ಅದು ಅತಿ ಒತ್ತಡದ ಕೊಳವೆ.

ದೇಶಕ್ಕೆ ಬೇಕಾದ ನೈಸರ್ಗಿಕ ಅನಿಲದಲ್ಲಿ ಹೆಚ್ಚು ಕಡಿಮೆ ಅರ್ಧ ಹೊರದೇಶಗಳಿಂದ ಬರುತ್ತದೆ. ಅದನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಂಪು ಮಾಡಿ ದ್ರವವಾಗಿಸಿ, ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗಿಸಿ, ಹಡಗಿನಲ್ಲಿ ತರುತ್ತಾರೆ. ಬೆಲೆ ಡಾಲರಿನಲ್ಲಿ. ಎಲ್ಲೋ ಯುದ್ಧವಾದರೆ ಇಲ್ಲಿ ಬೆಲೆ ಜಿಗಿಯುತ್ತದೆ. 2022ರಲ್ಲಿ ಉಕ್ರೇನ್ ಯುದ್ಧವಾದಾಗ ಜಗತ್ತಿನ ಪೇಟೆಯಲ್ಲಿ ಇದರ ಬೆಲೆ ಹಲವು ಪಟ್ಟು ಏರಿತ್ತು.

ಒಂದು ಚೀಲ ಯೂರಿಯಾದೊಳಗೆ ಎಷ್ಟು ಕರೆಂಟು?

ಗೊಬ್ಬರದ ಅಂಗಡಿಯ ಮುಂದೆ ಸಾಲು ನಿಂತವರು ಈ ಭಾಗವನ್ನು ನಿಧಾನವಾಗಿ ಓದಬೇಕು.

ಯೂರಿಯಾ ತಯಾರಾಗುವುದು ಇದೇ ಮೀಥೇನಿನಿಂದ. ಗ್ಯಾಸಿನಿಂದ ಜಲಜನಕ, ಗಾಳಿಯಿಂದ ಸಾರಜನಕ ತೆಗೆದು ಎರಡನ್ನೂ ಸೇರಿಸಿದರೆ ಅಮೋನಿಯಾ. ಅಮೋನಿಯಾಕ್ಕೆ ಇಂಗಾಲದ ಡೈ ಆಕ್ಸೈಡ್ ಸೇರಿದರೆ ಯೂರಿಯಾ. ಸುಸ್ಥಿತಿಯ ಕಾರ್ಖಾನೆಯೊಂದರಲ್ಲಿ ಒಂದು ಟನ್ ಯೂರಿಯಾಕ್ಕೆ ಸುಮಾರು 600 ಘನ ಮೀಟರ್ ಗ್ಯಾಸ್ ಬೇಕು. ಎಂದರೆ ನಮ್ಮ 45 ಕಿಲೋ ಚೀಲಕ್ಕೆ 27 ಘನ ಮೀಟರ್. ಇದೇ 27 ಘನ ಮೀಟರನ್ನು ಯಲಹಂಕದಂಥ ಸ್ಥಾವರದಲ್ಲಿ ಉರಿಸಿದರೆ, ಘನ ಮೀಟರಿಗೆ ಐದು ಯೂನಿಟ್ಟಿನಂತೆ, 135 ಯೂನಿಟ್ ಕರೆಂಟು. ಐದು ಅಶ್ವಶಕ್ತಿಯ ಪಂಪು ಅದರಲ್ಲಿ 30 ಗಂಟೆ ಓಡುತ್ತದೆ. ದಿನಕ್ಕೆ ಏಳು ಗಂಟೆಯಂತೆ ನಾಲ್ಕು ದಿನದ ನೀರು.

ಲೆಕ್ಕವನ್ನು ತಿರುಗಿಸಿ ನೋಡಿ. ಯಲಹಂಕದ ಸ್ಥಾವರ ಹಗಲು ರಾತ್ರಿ 24 ಗಂಟೆ ಪೂರ್ತಿ ಓಡಿದರೆ ಸುಮಾರು 89 ಲಕ್ಷ ಯೂನಿಟ್ ಬರುತ್ತದೆ. ಅದಕ್ಕೆ ಸುಮಾರು 17ರಿಂದ 18 ಲಕ್ಷ ಘನ ಮೀಟರ್ ಗ್ಯಾಸ್ ಬೇಕು. ಎರಡು ಘನ ಮೀಟರಿನ ಮನೆಯ ಗೋಬರ್ ಗ್ಯಾಸ್ ಘಟಕಗಳು 15 ಲಕ್ಷಕ್ಕೂ ಹೆಚ್ಚು ಸೇರಿದರೂ ಅಷ್ಟು ಮೀಥೇನ್ ಹೊಂದುವುದು ಕಷ್ಟ. ಆ ಗ್ಯಾಸಿನಿಂದ ಯೂರಿಯಾ ಮಾಡಿದ್ದರೆ 65 ಸಾವಿರ ಚೀಲ! ವರ್ಷಕ್ಕೆ ಸುಮಾರು 3.8 ಲಕ್ಷ ಟನ್ ಸಾಮರ್ಥ್ಯದ ಪಣಂಬೂರಿನ ಕಾರ್ಖಾನೆಯ ಸುಮಾರು ಮೂರು ದಿನದ ಉತ್ಪಾದನೆಗೆ ಅದು ಸಮ. ಪಣಂಬೂರಿನ ಕಾರ್ಖಾನೆ ಮೊದಲು ದುಬಾರಿ ನಾಫ್ತಾದಿಂದ ನಡೆಯುತ್ತಿತ್ತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಕೊಳವೆ ಬಂದು, 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಈಗ ಅದೂ ಗ್ಯಾಸಿನ ಗಿರಾಕಿ.

ಸಂಜೆ ನಾಲ್ಕು ಗಂಟೆ ಮಾತ್ರ ಓಡಿಸಿದರೆ ಖರ್ಚಾಗುವುದು 11 ಸಾವಿರ ಚೀಲದಷ್ಟು ಗ್ಯಾಸ್. ಅರವತ್ತೈದೆಲ್ಲಿ, ಹನ್ನೊಂದೆಲ್ಲಿ? ಮಧ್ಯಾಹ್ನದ ಬಿಸಿಲು ಪುಕ್ಕಟೆ ಸಿಗುವಾಗ ಗ್ಯಾಸ್ ಉರಿಸುವುದು, ಹೊಳೆಯ ದಂಡೆಯಲ್ಲಿ ಕುಳಿತು ಬಾವಿ ನೀರು ಸೇದಿದಂತೆ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಆಮದು ಗ್ಯಾಸಿನ ಬೆಲೆ ಮಾರುಕಟ್ಟೆಯ ಅಳತೆಗೆ 12 ಡಾಲರ್ ಇದ್ದರೆ ಒಂದು ಯೂನಿಟ್ಟಿಗೆ ಇಂಧನದ ಖರ್ಚೇ ಸುಮಾರು ಏಳು ರೂಪಾಯಿ. ಹೊಸ ಸೌರ ಸ್ಥಾವರಗಳ ಕರೆಂಟು ಎರಡೂವರೆ ಮೂರು ರೂಪಾಯಿಗೆ ಸಿಗುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ನಮ್ಮಲ್ಲಿ ಬಿಲ್ಲಿಲ್ಲ, ನಿಜ. ಆದರೆ ಆ ಹಣ ಸರ್ಕಾರದ ಬೊಕ್ಕಸದಿಂದ ಹೋಗುತ್ತದೆ. ಯೂರಿಯಾ ಚೀಲವೂ ಹಾಗೆಯೇ. ನಾವು ಕೊಡುವುದು 266 ರೂಪಾಯಿ 50 ಪೈಸೆ, ಉಳಿದದ್ದು ಕೇಂದ್ರದ ಸಹಾಯಧನ. ಗ್ಯಾಸ್ ತುಟ್ಟಿಯಾದರೆ ಎರಡೂ ಕಡೆ ಹೊರೆ ಏರುತ್ತದೆ.

ಗ್ಯಾಸಿಲ್ಲದ ಸ್ಥಾವರಗಳು

ಗ್ಯಾಸನ್ನು ಮೊದಲು ಯಾರಿಗೆ ಕೊಡಬೇಕೆಂಬ ಪ್ರಶ್ನೆ ದೇಶದಲ್ಲಿ ಎದ್ದೇ ಎದ್ದಿತು. 2009ರ ಏಪ್ರಿಲ್‌ನಲ್ಲಿ ಆಂಧ್ರದ ಕರಾವಳಿಯಾಚೆ ಕೃಷ್ಣಾ-ಗೋದಾವರಿ ಸಮುದ್ರದಿಂದ ಗ್ಯಾಸ್ ಹರಿಯತೊಡಗಿತು. ಅದನ್ನು ನಂಬಿ ಹಲವು ವಿದ್ಯುತ್ ಸ್ಥಾವರಗಳು ಎದ್ದವು. ಒಂದೆರಡು ವರ್ಷಗಳಲ್ಲೇ ಇಳುವರಿ ಕುಸಿಯಿತು. ಇದ್ದುದರಲ್ಲಿ ಗೊಬ್ಬರದ ಕಾರ್ಖಾನೆಗಳಿಗೆ ಮೊದಲ ಪಾಲು ಎಂಬುದು ಸರ್ಕಾರದ ನೀತಿ. 2013ರ ಮಾರ್ಚ್ ಹೊತ್ತಿಗೆ ಆ ಗ್ಯಾಸ್ ವಿದ್ಯುತ್ ಸ್ಥಾವರಗಳಿಗೆ ಪೂರ್ತಿ ನಿಂತೇ ಹೋಯಿತು. 2015ರಲ್ಲಿ ದೇಶದ ಸುಮಾರು 14 ಸಾವಿರ ಮೆಗಾವ್ಯಾಟಿನಷ್ಟು ಗ್ಯಾಸ್ ಸ್ಥಾವರಗಳು ದೇಶೀಯ ಗ್ಯಾಸಿಲ್ಲದೆ ಒಣಗಿ ನಿಂತಿದ್ದವು.

ನಮ್ಮ ಮಂಗಳೂರಿನ ಕಥೆಯೊಂದು ಇದಕ್ಕೆ ಸೇರಿಕೊಂಡಿದೆ. ತಣ್ಣೀರುಬಾವಿಯಲ್ಲಿ, ಗುರುಪುರ ಹೊಳೆಯ ನೀರಿನ ಮೇಲೆ, 220 ಮೆಗಾವ್ಯಾಟಿನ ತೇಲುವ ಸ್ಥಾವರವೊಂದು 2001ರಿಂದ ನಾಫ್ತಾ ಉರಿಸಿ ಕರೆಂಟು ಕೊಡುತ್ತಿತ್ತು. ಏಳು ವರ್ಷದ ಒಪ್ಪಂದ ಮುಗಿಯಿತು. 2010ರ ಹೊತ್ತಿಗೆ ಅದನ್ನು ಗ್ಯಾಸ್ ಸಿಗುವ ಆಸೆಯಿಂದ ಕಾಕಿನಾಡಕ್ಕೆ ಸಾಗಿಸಿದರು. ಅಲ್ಲಿಯೂ ಗ್ಯಾಸ್ ಬತ್ತಿತು. ನೀರು ಹುಡುಕಿಕೊಂಡು ಹೋದ ಕುರಿಹಿಂಡು ಬತ್ತಿದ ಕೆರೆ ಸೇರಿದಂತಾಯಿತು.

ಗೊಬ್ಬರಕ್ಕೆ ಮೊದಲ ಪಾಲು ಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕರೆಂಟಿಗೆ ಬಿಸಿಲು, ಗಾಳಿ, ನೀರು, ಕಲ್ಲಿದ್ದಲು ಹೀಗೆ ನಾಲ್ಕಾರು ದಾರಿಗಳಿವೆ. ಯೂರಿಯಾಕ್ಕೆ ಸದ್ಯಕ್ಕೆ ಅಷ್ಟು ದಾರಿಗಳಿಲ್ಲ. ಆದರೆ ಸ್ಥಾವರ ಕಟ್ಟುವ ಮುನ್ನ ಗ್ಯಾಸಿನ ಕರಾರು ಗಟ್ಟಿ ಮಾಡಿಕೊಳ್ಳಬೇಕಿತ್ತು. ಮೇವಿನ ಏರ್ಪಾಡಿಲ್ಲದೆ ಹಸು ಕೊಳ್ಳುವವರನ್ನು ನಾವು ಏನೆನ್ನುತ್ತೇವೆ?

ದೇಶಕ್ಕೆಲ್ಲ ಒಂದೇ ಸೂತ್ರ

2024ರಲ್ಲಿ ದೇಶದಲ್ಲಿ ಸುಮಾರು 25 ಸಾವಿರ ಮೆಗಾವ್ಯಾಟ್ ಗ್ಯಾಸ್ ಸಾಮರ್ಥ್ಯವಿತ್ತು. ಆದರೂ 2023-24ರ ಇಡೀ ವರ್ಷದ ವಿದ್ಯುತ್ತಿನಲ್ಲಿ ಗ್ಯಾಸಿನ ಪಾಲು ಶೇಕಡಾ 2ಕ್ಕಿಂತ ಕಡಿಮೆ. ಇದನ್ನು ನೋಡಿ ಇವೆಲ್ಲ ದಂಡವೆನ್ನುವವರಿದ್ದಾರೆ. ಹಾಗೆ ಹೇಳಲು ಬರುವುದಿಲ್ಲ. 2024ರ ಬೇಸಿಗೆಯಲ್ಲಿ ಬೇಡಿಕೆ ಮಿತಿ ಮೀರುವ ಸೂಚನೆ ಕಂಡಾಗ ಕೇಂದ್ರ ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ಮೇ 1ರಿಂದ ಜೂನ್ 30ರವರೆಗೆ ಗ್ಯಾಸ್ ಸ್ಥಾವರಗಳೆಲ್ಲ ಓಡಲು ಸಿದ್ಧವಿರಬೇಕೆಂದು ಆದೇಶಿಸಿತು. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಔಷಧಿ ಸಿಂಪಡಣೆಯ ಪಂಪನ್ನು ಯಾರೂ ದಂಡವೆಂದು ಎಸೆಯುವುದಿಲ್ಲ.

ಇಡೀ ದೇಶದ ತಂತಿಜಾಲ ಈಗ ಒಂದೇ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾದಾಗ ದಕ್ಷಿಣ ಭಾರತವು ಉಳಿದ ದೇಶದೊಡನೆ ಒಂದಾಯಿತು. ಅಂದಿನಿಂದ ಕಾಶ್ಮೀರದ ಮೋಟಾರೂ ಕೊಳ್ಳೇಗಾಲದ ಮೋಟಾರೂ ಸೆಕೆಂಡಿಗೆ 50 ಆವರ್ತನದ ಒಂದೇ ತಾಳಕ್ಕೆ ತಿರುಗುತ್ತವೆ. ಬಳಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ಈ ತಾಳ ಇಳಿಯುತ್ತದೆ. 49.90ರಿಂದ 50.05ರೊಳಗೆ ಅದನ್ನು ನಿಲ್ಲಿಸಬೇಕೆಂಬುದು ನಿಯಮ. ಬೆಂಗಳೂರಿನಲ್ಲಿರುವ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಗಳಿಗೆ ಗಳಿಗೆಗೂ ಇದನ್ನು ನೋಡುತ್ತ ಯಾರು ಏರಿಸಬೇಕು, ಯಾರು ಇಳಿಸಬೇಕು ಎಂದು ಹೇಳುತ್ತಿರುತ್ತಾರೆ. ಇಂಥ ಹೊತ್ತಿನಲ್ಲಿ ಬೇಗ ಏರಿ ಬೇಗ ಇಳಿಯಬಲ್ಲ ಚಿಕ್ಕ ಸ್ಥಾವರ, ನಿಧಾನದ ದೊಡ್ಡದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರೈತನಿಗೆ ಇದರಿಂದೇನು ಎನ್ನಬೇಡಿ. ಆವರ್ತನ ಶೇಕಡಾ 3ರಷ್ಟು ಇಳಿದರೆ ಪಂಪಿನ ವೇಗವೂ ಶೇಕಡಾ 3 ಇಳಿಯುತ್ತದೆ, ನೀರೆತ್ತುವ ಎತ್ತರ ಶೇಕಡಾ 6ರಷ್ಟು ಕುಗ್ಗುತ್ತದೆ. ಬಾವಿಯಲ್ಲಿ ನೀರು ಮೇಲಿದ್ದರೆ ಗೊತ್ತೇ ಆಗದು. ಎಂಟುನೂರು ಅಡಿಯ ಕೊಳವೆ ಬಾವಿಯಲ್ಲಿ ಮೋಟಾರು ತಿರುಗುತ್ತಲೇ ಇರುತ್ತದೆ, ಪೈಪಿನಲ್ಲಿ ನೀರು ಮಾತ್ರ ಬಾಲದಂತಾಗುತ್ತದೆ. 1990ರ ದಶಕದಲ್ಲಿ ಹೀಗಾದಾಗ ಪಂಪು ಕೆಟ್ಟಿತೆಂದು ಮೇಲೆತ್ತಿಸಿ ಹಣ ಕಳೆದುಕೊಂಡವರು ಬಹಳ ಮಂದಿ.

ಗ್ಯಾಸ್ ಸ್ಥಾವರದ ಮತ್ತೊಂದು ಗುಣವನ್ನು ಇಲ್ಲೇ ಹೇಳಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ತಂತಿಜಾಲ ಕುಸಿದು, ಎರಡನೆಯ ದಿನ ಪೂರ್ವ, ಈಶಾನ್ಯ ರಾಜ್ಯಗಳೂ ಸೇರಿ ಸುಮಾರು 60 ಕೋಟಿ ಜನ ಕತ್ತಲಲ್ಲಿದ್ದರು. ದಕ್ಷಿಣ ಆಗ ಬೇರೆಯಾಗಿದ್ದುದರಿಂದ ಉಳಿಯಿತು. ಕುಸಿದ ಮೇಲೆ ಕಲ್ಲಿದ್ದಲು ಕೇಂದ್ರ ತಾನಾಗಿ ಏಳಲಾರದು. ಅದರ ಪಂಪು, ಫ್ಯಾನುಗಳಿಗೇ ಹೊರಗಿನ ಕರೆಂಟು ಬೇಕು. ಜಲವಿದ್ಯುತ್ ಕೇಂದ್ರ ಮತ್ತು ಅಂಥ ಏರ್ಪಾಡಿರುವ ಗ್ಯಾಸ್ ಸ್ಥಾವರಗಳು ಒಂದು ಡೀಸೆಲ್ ಜನರೇಟರಿನ ಬಲದಿಂದ ತಾವು ಎದ್ದು, ಬೇರೆಯವನ್ನೂ ಎಬ್ಬಿಸಬಲ್ಲವು.

ಹಗಲು ಕರೆಂಟು ಎಲ್ಲಿಂದ?

ರಾತ್ರಿ ನೀರು ಹಾಯಿಸಲು ಹೋಗುವವನ ಕಷ್ಟ ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಹಾವು, ಹಂದಿ, ಮಲೆನಾಡಿನ ಅಂಚಿನಲ್ಲಿ ಆನೆ, ಒದ್ದೆ ಕೈಯಲ್ಲಿ ಸ್ಟಾರ್ಟರ್. ಹಗಲು ಕರೆಂಟು ಬೇಕೆನ್ನುವುದು ನ್ಯಾಯವಾದ ಬೇಡಿಕೆ. ಅದು ಬರಬೇಕಾದದ್ದು ಯಲಹಂಕದಿಂದಲ್ಲ, ಬಿಸಿಲಿನಿಂದ. ಪಂಪ್‌ಸೆಟ್ ಫೀಡರುಗಳನ್ನು ಊರಿನ ಲೈನಿನಿಂದ ಬೇರೆ ಮಾಡಿದ ನಿರಂತರ ಜ್ಯೋತಿ ಕಾಮಗಾರಿ ಆಗಿರುವ ಕಡೆ, ಆ ಫೀಡರಿಗೇ ಸಬ್‌ಸ್ಟೇಷನ್ ಬಳಿ ಸೌರ ಸ್ಥಾವರ ಜೋಡಿಸುವ ಕುಸುಮ್-ಸಿ ಯೋಜನೆ ರಾಜ್ಯದಲ್ಲಿ ನಡೆಯುತ್ತಿದೆ. ಒಂದು ಮೆಗಾವ್ಯಾಟಿಗೆ ನಾಲ್ಕರಿಂದ ಐದು ಎಕರೆ ಜಾಗ ಬೇಕು. ಗೋಮಾಳವೋ ಬಂಜರೋ ಇರುವ ಊರಿನವರು ಗ್ರಾಮ ಸಭೆಯಲ್ಲಿ ಈ ವಿಷಯ ಎತ್ತಬಹುದು. ಫಲವತ್ತಾದ ಹೊಲವನ್ನು ಮಾತ್ರ ಇದಕ್ಕೆ ಬಿಟ್ಟುಕೊಡುವುದು ಬೇಡ.

ಹೀಗೆ ಹಗಲು ಪಂಪುಗಳು ಬಿಸಿಲಿನ ಕರೆಂಟಿನಲ್ಲಿ ಓಡಿದರೆ ರಾತ್ರಿಯ ಹೊರೆ ಇಳಿಯುತ್ತದೆ. ಆಗ ಗ್ಯಾಸ್ ಸಂಜೆಯ ನಾಲ್ಕು ಗಂಟೆಗೆ ಸಾಕಾಗುತ್ತದೆ, ಉಳಿದದ್ದು ಯೂರಿಯಾಕ್ಕೆ ಒದಗುತ್ತದೆ. ಬ್ಯಾಟರಿಯಲ್ಲಿ ಮಧ್ಯಾಹ್ನದ ಕರೆಂಟು ಕೂಡಿಡುವುದೂ ಅಗ್ಗವಾಗುತ್ತ ಬಂದಿದೆ. ಅದು ದೊಡ್ಡ ಪ್ರಮಾಣದಲ್ಲಿ ಬಂದರೆ ಗ್ಯಾಸಿನ ಕೆಲಸ ಇನ್ನೂ ಕಡಿಮೆಯಾಗಬಹುದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಒಂದೆರಡು ಕೆಲಸಗಳಿವೆ. ಸಂಜೆ ಆರೂವರೆಗೆ ರಾಜ್ಯದಲ್ಲಿ ಆಗುವುದೇ ನಮ್ಮ ಟಿ.ಸಿ.ಯ ಕೆಳಗೂ ಆಗುತ್ತದೆ. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರಿಗೆ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು, ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆದು, ಫ್ಯೂಸು ಹಾರುತ್ತದೆ, ಇಲ್ಲವೇ ಟಿ.ಸಿ. ಸುಡುತ್ತದೆ. ಟಿ.ಸಿ.ಗೆ ಸೇರಿದ ರೈತರು ಮಾತಾಡಿಕೊಂಡು, ಟೈಮರ್ ಇರುವ ಸ್ಟಾರ್ಟರಿನಲ್ಲಿ ಎರಡೆರಡು ನಿಮಿಷದ ಅಂತರ ಇಟ್ಟುಕೊಂಡರೆ ಈ ಕಾಟ ತಪ್ಪುತ್ತದೆ. ಕೆಪಾಸಿಟರ್ ಹಾಕಿಸಿ. ಐದು ಅಶ್ವಶಕ್ತಿಗೆ 2 ಕೆ.ವಿ.ಎ.ಆರ್. ಸಾಕು. 63 ಕೆ.ವಿ.ಎ. ಟಿ.ಸಿ. ಹನ್ನೊಂದು ಮೋಟಾರಿಗೇ ತಿಣುಕುವ ಕಡೆ, ಎಲ್ಲರೂ ಕೆಪಾಸಿಟರ್ ಹಾಕಿಸಿದರೆ ಹದಿಮೂರನ್ನು ಎಳೆಯುತ್ತದೆ. ವೋಲ್ಟ್ ಮೀಟರಿನ ಮುಳ್ಳು 350ರ ಕೆಳಗಿದ್ದಾಗ ಮೋಟಾರು ಹಾಕಬೇಡಿ, ವೈಂಡಿಂಗ್ ಸುಡುವುದು ಆಗಲೇ.

ಒಂದು ವಾರ, ತ್ರೀಫೇಸ್ ಬಂದ ಹೊತ್ತು, ಹೋದ ಹೊತ್ತು ಮತ್ತು ಆಗಿನ ವೋಲ್ಟೇಜನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಟಿ.ಸಿ.ಯ ಸಂಖ್ಯೆ, ಫೀಡರಿನ ಹೆಸರು ಹಾಕಿ, ಆ ಟಿ.ಸಿ.ಯ ರೈತರೆಲ್ಲ ಸಹಿ ಮಾಡಿ, ಒಂದು ಪ್ರತಿಯನ್ನು ಸೆಕ್ಷನ್ ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. ಹೆಚ್ಚುವರಿ ಟಿ.ಸಿ. ಕೇಳುವಾಗಲೂ ಫೀಡರಿಗೆ ಸೌರ ಸಂಪರ್ಕ ಕೇಳುವಾಗಲೂ ಆ ಹಾಳೆ ಕೆಲಸಕ್ಕೆ ಬರುತ್ತದೆ.